ಏಳನೇ ನಂಬರಿಗಾಗಿ ಒಂದು ಪಂದ್ಯ

ಎಲ್ಲ ತಾಪತ್ರಯಕ್ಕೂ ಮೂಲ, ಬಸ್ಸಿನ ಕೊನೆಯ ಸೀಟಿನ ಕೆಳಗೆ ಯಾರೋ ಮರೆತುಹೋದ ಒಂದು ಚೀಲ. ಅದರಲ್ಲಿ ಒಂದು ವಿಡಿಯೋ ಗೇಮ್ ಪೆಟ್ಟಿಗೆ, ಎರಡು ಕಂಟ್ರೋಲರ್, ಒಂದೇ ಒಂದು ಡಿಸ್ಕು ಇದ್ದವು. ಆರು ತಿಂಗಳು ಡಿಪೋದ ಕಪಾಟಿನಲ್ಲಿ ಕಾದರೂ ವಾರಸುದಾರರು ಬರಲಿಲ್ಲ. ಏಳನೆಯ ತಿಂಗಳು ಮೆಕ್ಯಾನಿಕ್ ಅದನ್ನು ತಂದು ವಿಶ್ರಾಂತಿ ಕೋಣೆಯ ಟಿವಿಗೆ ಜೋಡಿಸಿಬಿಟ್ಟ.

ಡಿಸ್ಕಿನಲ್ಲಿದ್ದದ್ದು ಬಾಸ್ಕೆಟ್‌ಬಾಲ್ ಆಟ. ಡಿಪೋದಲ್ಲಿ ಒಬ್ಬರೂ ಜನ್ಮದಲ್ಲಿ ಆ ಚೆಂಡು ಮುಟ್ಟಿದವರಲ್ಲ. ಆದರೂ ಎರಡೇ ವಾರದಲ್ಲಿ ಅಲ್ಲಿನ ಸಕಲ ವ್ಯಾಜ್ಯಗಳೂ ಅದರ ಮೇಲೆಯೇ ತೀರ್ಮಾನವಾಗತೊಡಗಿದವು. ಫ್ಯಾನಿನ ಕೆಳಗಿನ ಬೆಂಚು ಯಾರಿಗೆ, ಹೊಸ ಟೈರು ಯಾರ ಗಾಡಿಗೆ, ಎಲ್ಲಕ್ಕೂ ಒಂದು ಪಂದ್ಯ. ಅದಕ್ಕೆ ಮೊದಲು ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಹೇಗೆ ಮೋಸ ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು, ಬಾಸ್ಕೆಟ್‌ಬಾಲಿನಲ್ಲಿ ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ.

ಆ ಕಂಟ್ರೋಲರನ್ನು ಒಮ್ಮೆಯೂ ಮುಟ್ಟದೆ ಉಳಿದಿದ್ದವನು ನಿಧಾನಪ್ಪ ಒಬ್ಬನೇ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪ್ರಯಾಣಿಕರು ಕೊಟ್ಟದ್ದು. ಹದಿನೆಂಟು ವರ್ಷದಿಂದ ಬಸ್ಸು ಓಡಿಸುತ್ತಿದ್ದರೂ ಒಂದು ಸೈಕಲ್ಲಿಗೂ ತಾಗಿಸಿದವನಲ್ಲ, ಒಂದು ಸ್ಟಾಪನ್ನೂ ವೇಳೆಗೆ ಮೊದಲು ಬಿಟ್ಟವನಲ್ಲ. ಅವನದು ಹನ್ನೆರಡನೇ ನಂಬರ್. ಆಸ್ಪತ್ರೆ, ಮಾರುಕಟ್ಟೆ, ಕೋರ್ಟು, ರೈಲ್ವೆ ಗೇಟು ಎಲ್ಲ ಸುತ್ತಿ ರಾತ್ರಿ ಒಂಬತ್ತಕ್ಕೆ ಡಿಪೋ ಸೇರುವ ಗಾಡಿ. ಅವನು ಬೆಳಿಗ್ಗೆ ಹೊರಡುವಾಗ ನಾಲ್ಕು ವರ್ಷದ ಮಗಳು ಮಲಗಿರುತ್ತಿದ್ದಳು, ಮನೆಗೆ ಬಂದಾಗಲೂ ಮಲಗಿರುತ್ತಿದ್ದಳು. ಹೋದ ವಾರ ಅವಳು ಪಕ್ಕದ ಮನೆಯ ಗೆಳತಿಗೆ ಅವನನ್ನು ತೋರಿಸಿ, "ಇವ್ರು ರಜ ಇದ್ದಾಗ ನಮ್ಮನೆಗೆ ಬರ್ತಾರೆ" ಎಂದು ಪರಿಚಯ ಮಾಡಿಕೊಟ್ಟಿದ್ದಳು. ಹೆಂಡತಿ ಬಿದ್ದು ಬಿದ್ದು ನಕ್ಕಳು. ನಿಧಾನಪ್ಪನೂ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಹಾಗಿರುವಾಗ ಏಳನೇ ನಂಬರಿನ ಡ್ರೈವರು ನಿವೃತ್ತನಾದ. ಏಳನೇ ನಂಬರೆಂದರೆ ಡಿಪೋದ ಸ್ವರ್ಗ. ಅಗಲವಾದ ರಸ್ತೆ, ಅರ್ಧ ಖಾಲಿ ಬಸ್ಸು, ನಾಲ್ಕು ಗಂಟೆಗೆ ಡ್ಯೂಟಿ ಮುಗಿದುಹೋಗುತ್ತಿತ್ತು. ಅದನ್ನು ಕೇಳುವ ಹಕ್ಕು ಇಬ್ಬರಿಗಿತ್ತು, ಯಾಕೆಂದರೆ ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಒಬ್ಬ ನಿಧಾನಪ್ಪ, ಇನ್ನೊಬ್ಬ ಖಾಯಂ ರೂಟಿಲ್ಲದೆ ಬದಲಿ ಡ್ಯೂಟಿ ಮಾಡುತ್ತಿದ್ದ ಹಾರನ್ ಅಣ್ಣ. ಖಾಲಿ ರಸ್ತೆಯಲ್ಲೂ ಹಾರನ್ ಒತ್ತುವ ಈ ಮಹಾಶಯ ವಿಶ್ರಾಂತಿ ಕೋಣೆಯ ಚಾಂಪಿಯನ್ ಕೂಡ ಹೌದು. ಇಬ್ಬರಲ್ಲಿ ಗೆದ್ದವನಿಗೆ ಏಳು, ಸೋತವನಿಗೆ ಹನ್ನೆರಡು ಎಂದು ಟೈಮ್‌ಕೀಪರ್ ಸಾಹೇಬರು ಘೋಷಿಸಿದರು. ಪಂದ್ಯ ಅಂದೇ ಮಧ್ಯಾಹ್ನ ಒಂದು ಗಂಟೆಗೆ.

"ನನ್ಗೆ ಆ ಆಟದ ತಲೆಬುಡ ಗೊತ್ತಿಲ್ಲ ಸಾರ್" ಎಂದ ನಿಧಾನಪ್ಪ.

"ಬಸ್ಸೂ ಮೊದ್ಲು ಗೊತ್ತಿರ್ಲಿಲ್ಲ, ಕಲ್ತೆ ತಾನೆ" ಎಂದರು ಸಾಹೇಬರು.

ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಬಂದಾಗ ಮೆಕ್ಯಾನಿಕ್ ಗ್ರೀಸು ಕೈಯಲ್ಲೇ ಪಾಠಕ್ಕೆ ಕೂತ. ಪಕ್ಕದಲ್ಲಿ ನಿಧಾನಪ್ಪನ ಬಸ್ಸಿನ ಕಂಡಕ್ಟರಮ್ಮ, ಟಿಕೆಟ್ ಯಂತ್ರ ಮಡಿಲಲ್ಲಿಟ್ಟುಕೊಂಡು, ಕೇಳದಿದ್ದರೂ ಸಲಹೆ ಕೊಡಲು ಸಿದ್ಧಳಾಗಿ ಕೂತಳು.

"ಸುಮ್ನೆ ಚೆಂಡು ಹಿಡ್ಕೊಂಡು ನುಗ್ಗಿದ್ರೆ ಆಗಲ್ಲ" ಎಂದ ಮೆಕ್ಯಾನಿಕ್. "ಈ ಗುಂಡಿ ಒತ್ತಿದ್ರೆ ಪ್ಲೇಗಳ ಪಟ್ಟಿ ಬರುತ್ತೆ. ಪ್ಲೇ ಅಂದ್ರೆ ಯಾರು ಎಲ್ಲಿ ಓಡ್ಬೇಕು ಅನ್ನೋ ಲೆಕ್ಕಾಚಾರ. ನೀವು ಮೂರನೇದನ್ನ ಆರಿಸ್ಕೊಳ್ಳಿ, ಅದು ಸುಲಭ. ಆಗ ನೆಲದ ಮೇಲೆ ಗೆರೆ ಬೀಳುತ್ತೆ, ಹಳದಿ ವೃತ್ತ ಕಾಣುತ್ತೆ. ಅಲ್ಲಿಗೆ ಹೋಗಿ ನಿಂತ್ಕೊಳ್ಳಿ."

ನಿಧಾನಪ್ಪನ ಮುಖ ಅರಳಿತು. "ರೂಟು ಮತ್ತು ಸ್ಟಾಪು. ಅಷ್ಟೇ ತಾನೆ?"

"ಅಷ್ಟೇ. ಆದ್ರೆ ಚೆಂಡಿರೋನು ನಿಲ್ಬೇಕು, ಚೆಂಡಿಲ್ಲದೋನು ಓಡ್ಬೇಕು."

"ಅಂದ್ರೆ ಸ್ಟೇರಿಂಗ್ ಹಿಡಿದೋನು ಸುಮ್ನೆ ಕೂತು, ಪ್ರಯಾಣಿಕರು ಬಸ್ ಓಡಿಸ್ಬೇಕಾ?"

"ಮುಂದೆ ಕೇಳಿ. ನಿಮ್ಮೋನೇ ಒಬ್ಬ ಬಂದು ಎದುರಾಳಿಗೆ ಅಡ್ಡ ನಿಲ್ತಾನೆ. ಅದಕ್ಕೆ ಸ್ಕ್ರೀನ್ ಅಂತಾರೆ. ಎದುರಾಳಿ ಅವನಿಗೆ ಡಿಕ್ಕಿ ಹೊಡೆದು ಹಿಂದುಳಿದ ತಕ್ಷಣ, ಖಾಲಿ ಇರೋನಿಗೆ ಚೆಂಡು ಕೊಟ್ಟು ಬುಟ್ಟಿಗೆ ಹಾಕಿಸ್ಬೇಕು."

ನಿಧಾನಪ್ಪನ ತಲೆ ಗಿರ್ರೆಂದಿತು. ದಾರಿಗೆ ಅಡ್ಡ ನಿಲ್ಲುವವರನ್ನು ಹದಿನೆಂಟು ವರ್ಷದಿಂದ ಬೈಯುತ್ತಾ ಬಂದವನು ಅವನು. ಈಗ ತಾನೇ ಒಬ್ಬನನ್ನು ಅಡ್ಡ ನಿಲ್ಲಿಸಿ, ಡಿಕ್ಕಿಯಾಗುವುದನ್ನು ಕಾದು ಕೂರಬೇಕಂತೆ. ಅಭ್ಯಾಸದಲ್ಲಿ ಅವನು ಪ್ರತಿ ಸಲವೂ ಅಡ್ಡ ಬಂದ ತನ್ನ ಆಟಗಾರನನ್ನು ಬಹಳ ಮರ್ಯಾದೆಯಿಂದ ಸುತ್ತುಹಾಕಿಕೊಂಡು ಹೋಗುತ್ತಿದ್ದ. ಮೆಕ್ಯಾನಿಕ್ ಗ್ರೀಸು ಕೈಯಲ್ಲೇ ಹಣೆ ಚಚ್ಚಿಕೊಂಡ.

ಇನ್ನೊಂದು ಗೊಂದಲ ಪರದೆಯ ಮೂಲೆಯಲ್ಲಿದ್ದ ಗಡಿಯಾರದ್ದು. ಅದು ಇಪ್ಪತ್ನಾಲ್ಕರಿಂದ ಇಳಿಯುತ್ತಾ ಬರುತ್ತದೆ, ಸೊನ್ನೆಯಾಗುವುದರೊಳಗೆ ಚೆಂಡು ಎಸೆಯಬೇಕು. ವೇಳೆಗೆ ಮೊದಲು ಸ್ಟಾಪು ಬಿಡುವುದು ನಿಧಾನಪ್ಪನ ಪಾಲಿಗೆ ಅಪರಾಧ. ಅವನು ಸೊನ್ನೆ ಬರುವ ತನಕ ಕಾದು, ಬಂದ ಮೇಲೆ ಎಸೆಯುತ್ತಿದ್ದ. ಕೂಡಲೇ ಟಿವಿಯೊಳಗಿನ ರೆಫ್ರಿ ಪುರ್ರೆಂದು ಒಂದು ಸೀಟಿ ಊದುತ್ತಿದ್ದ. ಒಂದು ಸೀಟಿ ಕೇಳಿದೊಡನೆ ನಿಧಾನಪ್ಪನ ಬಲಗಾಲು ನೆಲವನ್ನು ಜಪ್ಪೆಂದು ಒತ್ತುತ್ತಿತ್ತು, ಬೆಂಚಿನ ಮೇಲಿದ್ದವರೆಲ್ಲ ಒಮ್ಮೆ ಮುಂದಕ್ಕೆ ಜೋಲಿ ಹೊಡೆಯುತ್ತಿದ್ದರು.

ಇದನ್ನು ನೋಡಿ ಕಂಡಕ್ಟರಮ್ಮನಿಗೆ ಹೊಳೆಯಿತು. "ಅಣ್ಣಾ, ನೀವು ಟಿವಿ ಗಡಿಯಾರ ನೋಡ್ಬೇಡಿ, ನನ್ ಸೀಟಿ ಕೇಳಿ. ಒಂದು ಊದಿದ್ರೆ ಆ ಹಳದಿ ವೃತ್ತದಲ್ಲಿ ನಿಲ್ಲಿಸಿ, ಹತ್ತೋರು ಹತ್ಲಿ ಬಿಡಿ. ಎರಡು ಊದಿದ್ರೆ ಹೊರಡಿ. ಅಂದ್ರೆ ಚೆಂಡು ದಾಟಿಸಿ ಎಸೆದುಬಿಡಿ."

ಹನ್ನೊಂದು ಸಲ ತಪ್ಪಿ, ಹನ್ನೆರಡನೆಯ ಸಲ ಚೆಂಡು ಬುಟ್ಟಿಗೆ ಬಿತ್ತು. ನಿಧಾನಪ್ಪ ಕೂಡಲೇ ಮನೆಗೆ ಫೋನು ಮಾಡಿ, "ನಾಳೆಯಿಂದ ನಾಲ್ಕೂವರೆಗೆ ಮನೇಲಿರ್ತೀನಿ, ಮಗೂಗೆ ಹೇಳು" ಎಂದುಬಿಟ್ಟ.

ಒಂದು ಗಂಟೆಗೆ ವಿಶ್ರಾಂತಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರನ್ ಅಣ್ಣ ಬಾಚಿದ ತಲೆಯನ್ನು ಇನ್ನೊಮ್ಮೆ ಬಾಚಿಕೊಂಡು ಬಂದು ಕೂತ. ಸೋತರೆ ಇವನು ಮಾತು ತಿರುಗಿಸಿಯಾನೆಂಬ ಗುಮಾನಿ ನಿಧಾನಪ್ಪನಿಗೆ.

"ರಿಜಿಸ್ಟರಲ್ಲಿ ಬರೀರಿ ಸಾರ್. ಇಬ್ರೂ ಸಹಿ ಹಾಕ್ತೀವಿ. ಆಮೇಲೆ ಯಾರೂ ಒಲ್ಲೆ ಅನ್ನಂಗಿಲ್ಲ."

"ಬರೀರಿ, ಬರೀರಿ, ಒಳ್ಳೇದೇ ಆಯ್ತು" ಎಂದು ಹಾರನ್ ಅಣ್ಣ ತಾನೇ ಮೊದಲು ಸಹಿ ಹಾಕಿದ. ನಿಧಾನಪ್ಪನಿಗೆ ಅಲ್ಲೇ ಗಲಿಬಿಲಿಯಾಯಿತು.

ಆಟ ಎಂಟು ನಿಮಿಷದ್ದು. ಮೊದಲ ನಿಮಿಷದಲ್ಲೇ ಹಾರನ್ ಅಣ್ಣ ನಾಲ್ಕು ಪಾಯಿಂಟು ಹೊಡೆದ. ಆಮೇಲೆ ಅವನಿಗೇನಾಯಿತೋ, ಅವನ ಆಟಗಾರರು ಪಾರ್ಕಿನಲ್ಲಿ ಹವಾಸೇವನೆಗೆ ಬಂದವರಂತೆ ಅಡ್ಡಾಡತೊಡಗಿದರು. ಬುಟ್ಟಿಯ ಹತ್ತಿರ ಕಾವಲಿಗೆ ಒಬ್ಬನೂ ಇರಲಿಲ್ಲ.

"ಎಡಗಡೆ ಖಾಲಿ ಇದೆ ನೋಡು" ಎಂದ ಹಾರನ್ ಅಣ್ಣ ಮೆಲ್ಲಗೆ.

ಎದುರಾಳಿ ಯಾಕೆ ಹೇಳಿಕೊಡುತ್ತಾನೆ? ಇದರಲ್ಲೇನೋ ಮಸಲತ್ತಿದೆ ಎಂದುಕೊಂಡ ನಿಧಾನಪ್ಪ ಬಲಗಡೆಗೆ ಹೋಗಿ ಚೆಂಡನ್ನು ಗೆರೆಯ ಆಚೆ ಕಳೆದುಕೊಂಡ.

"ಎಡಗಡೆ ಅಂದ್ನಲ್ಲಯ್ಯ."

"ನನ್ ದಾರಿ ನನ್ಗೊತ್ತು."

"ಸರಿ, ಮೂರನೇ ಪ್ಲೇ ಹಾಕು. ಅಡ್ಡ ನಿಲ್ಲೋನು ಬರೋ ತನ್ಕ ಕಾಯಿ. ಅವಸರ ಮಾಡ್ಬೇಡ."

ಮೆಕ್ಯಾನಿಕ್ ಹೇಳಿದ್ದೂ ಅದನ್ನೇ. ಗೆಳೆಯ ಹೇಳಿದ್ದನ್ನೇ ಎದುರಾಳಿಯೂ ಹೇಳಿದರೆ ಯಾರನ್ನು ನಂಬುವುದು? ನಿಧಾನಪ್ಪ ಎರಡು ಸಲ ಬೇರೆ ಪ್ಲೇ ಹಾಕಿ ನೋಡಿದ. ಒಂದರಲ್ಲಿ ಅವನ ಐದೂ ಜನ ಒಂದೇ ಮೂಲೆಗೆ ಹೋಗಿ ತುಂಬಿಕೊಂಡರು. ಇನ್ನೊಂದರಲ್ಲಿ ಚೆಂಡು ಯಾರ ಹತ್ತಿರವಿದೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಹಾರನ್ ಅಣ್ಣನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಚಾಂಪಿಯನ್ ಹೆದರಿದ್ದಾನೆಂದು ಹಿಂದಿನ ಬೆಂಚಿನವರು ಗುಸುಗುಸು ಎಂದರು.

ಎರಡು ನಿಮಿಷ ಉಳಿದಿದ್ದಾಗ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಯಾರ ಮಾತೂ ಕೇಳ್ಬೇಡಿ" ಎಂದು ಸೀಟಿ ಬಾಯಿಗಿಟ್ಟಳು. ಒಂದು ಸೀಟಿ. ನಿಧಾನಪ್ಪನ ಆಟಗಾರ ಹಳದಿ ವೃತ್ತದಲ್ಲಿ ಗಕ್ಕನೆ ನಿಂತ. ಜೊತೆಯವನು ಬಂದು ಎದುರಾಳಿಗೆ ಅಡ್ಡ ನಿಂತ, ಇನ್ನೊಬ್ಬ ಬುಟ್ಟಿಯತ್ತ ಓಡಿದ. ಎರಡು ಸೀಟಿ. ಹೆಬ್ಬೆರಳು ತಾನಾಗಿಯೇ ಚೆಂಡನ್ನು ದಾಟಿಸಿತು, ಎಸೆಯಿತು, ಅದು ಬುಟ್ಟಿಗೆ ಬಿತ್ತು. ಮತ್ತೆ ಒಂದು, ಮತ್ತೆ ಎರಡು. ಅದೇ ರೂಟು, ಅದೇ ಸ್ಟಾಪು, ಮೂರು ಸಲವೂ ಬುಟ್ಟಿ. ಆರು ನಾಲ್ಕರಲ್ಲಿ ಆಟ ಮುಗಿಯಿತು.

ಕೋಣೆ ಸಿಡಿದೆದ್ದಿತು. ಮೆಕ್ಯಾನಿಕ್ ನಿಧಾನಪ್ಪನನ್ನು ಎತ್ತಲು ಹೋಗಿ ಆಗದೆ ಬಿಟ್ಟ. ನಿಧಾನಪ್ಪನಿಗೆ ಕಣ್ಣು ಮಂಜಾಯಿತು. ನಾಳೆ ಸಂಜೆ ಮಗಳ ಕೈ ಹಿಡಿದು ಬೀದಿ ತುದಿಯ ತನಕ ನಡೆಯಬೇಕು, ಎದುರು ಬಂದವರಿಗೆಲ್ಲ ಕಾಣುವ ಹಾಗೆ ನಡೆಯಬೇಕು ಎಂದುಕೊಂಡ. ಬಸ್ಸಿನ ಚಕ್ರದ ಗಾಳಿ ನೋಡಿಕೊಂಡು ಬರುತ್ತೇನೆಂದು ಕಂಡಕ್ಟರಮ್ಮ ಹೊರಗೆ ಹೋದಳು.

ವಿಚಿತ್ರವೆಂದರೆ ಸೋತ ಹಾರನ್ ಅಣ್ಣ ಬೆಂಚಿಗೊರಗಿ, ಹೆತ್ತು ಹಗುರಾದವಳಂತೆ ಉಸಿರು ಬಿಡುತ್ತಿದ್ದ. "ಅಬ್ಬಾ" ಎಂದ ಅವನು, "ಸೋಲೋದಕ್ಕೆ ನಾನು ಇಷ್ಟು ಕಷ್ಟಪಟ್ಟಿದ್ದು ಇದೇ ಮೊದ್ಲು."

"ಅಂದ್ರೆ?" ಎಂದ ನಿಧಾನಪ್ಪ.

ಟೈಮ್‌ಕೀಪರ್ ಸಾಹೇಬರು ಕೆಮ್ಮಿದರು. ಫೈಲಿನಿಂದ ಒಂದು ಹಾಳೆ ತೆಗೆದು ಗೋಡೆಗೆ ಅಂಟಿಸಿದರು. ನಾಳೆಯಿಂದ ಜಾರಿಗೆ ಬರುವ ಹೊಸ ವೇಳಾಪಟ್ಟಿ. ಏಳನೇ ನಂಬರು ಇನ್ನು ಸೇತುವೆ ದಾಟಿ ಹೊಸ ಬಡಾವಣೆಯ ತನಕ ಹೋಗಬೇಕು, ಕೊನೆಯ ಟ್ರಿಪ್ಪು ಡಿಪೋ ಸೇರುವುದು ರಾತ್ರಿ ಹತ್ತಕ್ಕೆ. ಆಸ್ಪತ್ರೆ ರಸ್ತೆ ಅಗೆಯುತ್ತಿರುವುದರಿಂದ ಹನ್ನೆರಡನೇ ನಂಬರಿನ ಸಂಜೆಯ ಟ್ರಿಪ್ಪುಗಳೆಲ್ಲ ರದ್ದು. ಅದರ ಡ್ಯೂಟಿ ಮೂರು ಗಂಟೆಗೆ ಮುಕ್ತಾಯ.

"ನಿನ್ಗೆ ಇದು ಗೊತ್ತಿತ್ತಾ?"

"ನಿನ್ನೆ ಸಾಹೇಬರ ಮೇಜಿನ ಮೇಲೆ ನೋಡ್ದೆ" ಎಂದ ಹಾರನ್ ಅಣ್ಣ. "ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ನಿಧಾನಪ್ಪ ಪೆಚ್ಚಾಗಿ ಹಾಳೆಯನ್ನು ಮೂರು ಸಲ ಓದಿದ. ಮೂರು ಸಲವೂ ಅಲ್ಲಿ ಹತ್ತು ಗಂಟೆಯೇ ಇತ್ತು. ಇಷ್ಟು ದಿನ ಇದ್ದ ಹನ್ನೆರಡನ್ನು ಬಿಟ್ಟು, ಹದಿನೆಂಟು ವರ್ಷದಲ್ಲೇ ಮೊದಲ ಬಾರಿಗೆ ಹಟ ಮಾಡಿ, ಸಹಿ ಹಾಕಿಸಿಕೊಂಡು, ಅವನು ಗೆದ್ದಿದ್ದ.

"ಇದು ಅನ್ಯಾಯ ಸಾರ್" ಎಂದು ಮೆಕ್ಯಾನಿಕ್ ಎದ್ದು ನಿಂತ. "ಮುಚ್ಚಿಟ್ಟು ಆಡಿದ ಆಟ ಆಟಾನೇ ಅಲ್ಲ. ಇನ್ನೊಮ್ಮೆ ಆಡ್ಲಿ."

ಸಾಹೇಬರಿಗೂ ಇನ್ನೊಂದು ಪಂದ್ಯ ನೋಡುವ ಆಸೆಯಿತ್ತು. "ಒಂದೂವರೆಗೆ ಗಾಡಿ ಬಿಡ್ಬೇಕು. ಎರಡೇ ನಿಮಿಷದ ಆಟ ಆಡಿ. ಗೆದ್ದೋರಿಗೆ ಏಳು. ಸಮ ಆದ್ರೆ ಚೀಟಿ ಎತ್ತೋಣ."

"ಆಡೋಣ" ಎಂದು ನಕ್ಕ ಹಾರನ್ ಅಣ್ಣ. "ಸೋಲೋದ್ರಲ್ಲಿ ನನ್ನನ್ನ ಮೀರ್ಸೋಕೆ ಇವನ ಕೈಲಾಗಲ್ಲ."

ಅಂಥ ಆಟವನ್ನು ಆ ಟಿವಿ ಎಂದೂ ಕಂಡಿರಲಿಕ್ಕಿಲ್ಲ. ಹಾರನ್ ಅಣ್ಣ ಚೆಂಡನ್ನು ಗೆರೆಯಾಚೆ ಎಸೆದು ನಿಧಾನಪ್ಪನಿಗೆ ಒಪ್ಪಿಸಿದ. ನಿಧಾನಪ್ಪ ಅದನ್ನು ಇನ್ನೊಂದು ಗೆರೆಯಾಚೆ ಎಸೆದು ವಾಪಸು ಕೊಟ್ಟ. ಒಬ್ಬ ಇಪ್ಪತ್ನಾಲ್ಕು ಸೆಕೆಂಡು ಕಲ್ಲಿನಂತೆ ನಿಂತರೆ, ಇನ್ನೊಬ್ಬನೂ ಅಷ್ಟೇ ಹೊತ್ತು ನಿಂತ. ಹಾರನ್ ಅಣ್ಣ ದಾರಿ ಪೂರ್ತಿ ಬಿಟ್ಟುಕೊಟ್ಟು, "ಹೋಗಯ್ಯ, ಹಾಕಯ್ಯ" ಎಂದು ಗೋಗರೆದ. ನಿಧಾನಪ್ಪ ಹೆಬ್ಬೆರಳನ್ನು ಅಲ್ಲಾಡಿಸಲಿಲ್ಲ. ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಹಿಂದಿನ ಬೆಂಚಿನವರು ಇಬ್ಬರ ಮುಖವನ್ನೂ ನೋಡುತ್ತಾ ಕೂತರು.

ಸೊನ್ನೆ ಸೊನ್ನೆ. ಉಳಿದದ್ದು ಹದಿನೈದು ಸೆಕೆಂಡು. ಚೆಂಡು ನಿಧಾನಪ್ಪನ ಕೈಯಲ್ಲಿತ್ತು. ಹೀಗೇ ನಿಂತರೆ ಸಮ, ಸಮವಾದರೆ ಚೀಟಿ, ಚೀಟಿಯಾದರೆ ಅರ್ಧ ಅದೃಷ್ಟವಾದರೂ ತನ್ನದು. ಹತ್ತು ಸೆಕೆಂಡು. ಮೂರು ಗಂಟೆಯ ಬಿಸಿಲಲ್ಲಿ ಮಗಳ ಜೊತೆ ನಡೆಯುವ ದಾರಿ ಅವನಿಗೆ ಮತ್ತೆ ಕಾಣತೊಡಗಿತು. ಆರು. ಐದು.

ಹೊರಗೆ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ಒಳಗೆ ಏನು ನಡೆಯುತ್ತಿದೆಯೆಂದು ಏನೇನೂ ಅರಿಯದ ಕಂಡಕ್ಟರಮ್ಮ, ಹತ್ತಬೇಕಾದವರೆಲ್ಲ ಹತ್ತಿದ್ದರಿಂದ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ತನ್ನ ಡ್ರೈವರಿಗಾಗಿ ಎರಡು ಸೀಟಿ ಊದಿದಳು.

ಹೆಬ್ಬೆರಳು ನಿಧಾನಪ್ಪನನ್ನು ಕೇಳಲಿಲ್ಲ. ಚೆಂಡು ಕೈಯಿಂದ ಕೈಗೆ ದಾಟಿ, ಬುಟ್ಟಿಯ ಅಂಚನ್ನೂ ಮುಟ್ಟದೆ ಸೀದಾ ಒಳಗೆ ಇಳಿಯಿತು. ಹಾರನ್ ಅಣ್ಣ ಎದ್ದು ಬಂದು ಅವನ ಎರಡೂ ಕೈಗಳನ್ನು ಹಿಡಿದು ಕುಲುಕಿದ.

ಸಾಹೇಬರು ರಿಜಿಸ್ಟರಿನಲ್ಲಿ ಎರಡಕ್ಕೆ ಸೊನ್ನೆ ಎಂದು ಬರೆದು, ಏಳನೇ ನಂಬರಿನ ಮುಂದೆ ನಿಧಾನಪ್ಪನ ಸಹಿ ಮತ್ತೊಮ್ಮೆ ಹಾಕಿಸಿಕೊಂಡರು. ಅವನು ಬಸ್ಸಿನತ್ತ ನಡೆದ. ಆಗಲೇ ಹೊರಗೆ ಬಂದವರಿಂದ ಸುದ್ದಿ ಕೇಳಿದ್ದ ಕಂಡಕ್ಟರಮ್ಮ ಮೆಟ್ಟಿಲ ಮೇಲಿಂದ ಅವನ ಮುಖ ನೋಡಿ, "ಏನಣ್ಣಾ, ಎರಡೆರಡು ಸಲ ಗೆದ್ರಂತೆ, ಒಂದು ನಗೂನೂ ಇಲ್ವಲ್ಲ" ಎಂದು ಕೇಳಿದಳು. ನಿಧಾನಪ್ಪ ಹತ್ತಿ ಸ್ಟೇರಿಂಗ್ ಹಿಡಿದು ಕೂತ. ಅವನು ಗಾಡಿಯನ್ನು ಗೇರಿಗೆ ಹಾಕಿದ.