ಚಲುವಮ್ಮ ವಿಮಾನ ನೋಡಲು ಹೋದದ್ದು

ಕೆಂಪಸಿದ್ದಯ್ಯನಿಗೆ ಅವಸರ ಅನ್ನುವುದು ಹುಟ್ಟಿನಿಂದಲೇ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಚಲುವಮ್ಮನಿಗೆ ಮೈಸೂರು ದಸರಾ ತೋರಿಸುತ್ತೇನೆಂದು ಕರೆದುಕೊಂಡು ಹೋದವನು ದಾರಿಯುದ್ದಕ್ಕೂ ಸಿಕ್ಕಸಿಕ್ಕವರ ಜೊತೆ ಎತ್ತಿನ ಸುಳಿಯ ವಿಚಾರ ಮಾತಾಡುತ್ತ ನಿಂತು, ಕೊನೆಗೆ ಅವಳಿಗೆ ತೋರಿಸಿದ್ದು ಅಂಬಾರಿ ಆನೆಯ ಬಾಲ. ಅದೂ ಪೂರ್ತಿ ಬಾಲವಲ್ಲ, ಯಾರದೋ ರುಮಾಲಿನ ಸಂದಿಯಲ್ಲಿ ಕಂಡಷ್ಟು. ಮದ್ದೂರಿಗೆ ನಾಟಕದ ಕಂಪನಿ ಬಂದಾಗಲೂ ತಡವಾಗಿ ಹೋಗಿ ಡೇರೆಯ ಕಂಬದ ಹಿಂದೆ ಕೂತರು. ಆಟ ಮುಗಿಯುವವರೆಗೂ ಅವಳು ನೋಡಿದ್ದು ಕಂಬ. ಇದನ್ನೆಲ್ಲ ಚಲುವಮ್ಮ ಮರೆತವಳಲ್ಲ. ರಾಗಿ ಬೀಸುವಾಗ, ಮುದ್ದೆ ಕಟ್ಟುವಾಗ, ಹಟ್ಟಿ ಗುಡಿಸುವಾಗ ದಿನಕ್ಕೊಂದು ಸಲವಾದರೂ ಆ ಬಾಲವನ್ನೂ ಕಂಬವನ್ನೂ ಎತ್ತಿ ಗಂಡನ ತಲೆಗೆ ಬಡಿಯುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಅವಳ ಹೊಟ್ಟೆ ಉರಿಯುತ್ತಿದ್ದುದು ವಾರಗಿತ್ತಿ ಮಂಗಳಮ್ಮನ ದೆಸೆಯಿಂದ. ಮೈದುನನಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ಮಂಡ್ಯಕ್ಕೆ ಏನೇ ಹೊಸದು ಬರಲಿ, ಕರೆಂಟು ದೀಪವೋ, ಮಾತಾಡುವ ಸಿನಿಮಾವೋ, ಮೊದಲು ನೋಡುವವಳು ಮಂಗಳಮ್ಮ. ನೋಡಿದವಳು ಸುಮ್ಮನಿರಬೇಡವೇ? ಮರುವಾರವೇ ಊರಿಗೆ ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂತು, ಬೀದಿಯ ಹೆಂಗಸರನ್ನೆಲ್ಲ ಸುತ್ತ ಕೂರಿಸಿಕೊಂಡು ಸಾಂಗೋಪಾಂಗವಾಗಿ ವರ್ಣಿಸುವಳು. ನಡುನಡುವೆ ಚಲುವಮ್ಮನ ಕಡೆ ತಿರುಗಿ, "ನೀನು ನೋಡ್ಬೇಕಿತ್ತು ಕಣಕ್ಕ" ಎನ್ನುವಳು. ಆ ಮಾತು ಕೇಳಿದಾಗಲೆಲ್ಲ ಚಲುವಮ್ಮನಿಗೆ ಕೈಯಲ್ಲಿದ್ದ ಒನಕೆ ಹಗುರವಾಗುತ್ತಿತ್ತು.

ಯುದ್ಧ ಶುರುವಾಗಿ ಎರಡನೇ ವರ್ಷ. ಶಿವಪುರದ ಮಗ್ಗುಲಿನ ಇವರ ಹಳ್ಳಿಯಲ್ಲಿ ಒಂದು ಸಂಜೆ ತಮಟೆ ಬಡಿದು ಸಾರಿದರು. ಬರುವ ಸೋಮವಾರ ಮಂಡ್ಯಕ್ಕೆ ಒಂದು ಹರದಾರಿ ಈಚಿನ ಬಯಲಿನಲ್ಲಿ ಯುದ್ಧನಿಧಿಗಾಗಿ ವಿಮಾನ ಪ್ರದರ್ಶನ. ವಿಮಾನ ಆಕಾಶದಲ್ಲಿ ತಲೆಕೆಳಗಾಗಿ ಹಾರುತ್ತದೆ, ಲಾಗ ಹಾಕುತ್ತದೆ, ಬಯಲಿನಲ್ಲಿ ಇಳಿಯುತ್ತದೆ, ಎಲ್ಲರೂ ಬರಬೇಕು. ಚಲುವಮ್ಮ ಕೈಲಿದ್ದ ಮೊರ ಕೆಳಗಿಟ್ಟಳು. ಈ ಸಲ ತಾನೇ ಮುಂದೆ ಕೂರುವುದು, ಮಂಗಳಿ ತನ್ನ ಬೆನ್ನು ನೋಡಲಿ, ಆಮೇಲೆ ಜಗಲಿ ಮೇಲೆ ಕಾಲು ಚಾಚುವುದು ತನ್ನ ಸರದಿ ಎಂದು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದಳು. ತಡವಾದರೆ ಏನಾಗುತ್ತದೆ ಎನ್ನುವುದನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಆ ಸೀಮೆಯಲ್ಲಿ ವಿಮಾನ ಪ್ರದರ್ಶನ ನೋಡಿದ್ದವನು ಒಬ್ಬನೇ, ಮದ್ದೂರಿನಲ್ಲಿ ಇದ್ದಿಲು ಬಸ್ಸುಗಳನ್ನು ರಿಪೇರಿ ಮಾಡುವ ನಯಾಜ್ ಪಾಷಾ. ಬೆಂಗಳೂರಿನಲ್ಲಿ ನೋಡಿದ್ದನಂತೆ. ಸಂತೆಗೆ ಹೋದ ದಿನ ಗಂಡ ಹೆಂಡತಿ ಅವನನ್ನು ಕೇಳಿದರು. ಪಾಷಾಗೆ ಅಷ್ಟೇ ಬೇಕಾಗಿತ್ತು. ಪಾನಾ ಕೆಳಗೆ ಹಾಕಿ ಶುರುಮಾಡಿದ. ಬಿಸಿಲು ಬೆನ್ನಿಗೆ ಬರುವ ಹಾಗೆ ಕೂರಬೇಕು, ಇಲ್ಲದಿದ್ದರೆ ಆಕಾಶ ನೋಡಿ ನೋಡಿ ಕಣ್ಣು ಕತ್ತಲೆ ಬರುತ್ತದೆ. ಕಿವಿಗೆ ಅರಳೆ, ಕುಡಿಯಲು ನೀರು, ಹೊಟ್ಟೆಗೆ ಬುತ್ತಿ ಇರಲಿ, ಹತ್ತಿರದಲ್ಲಿ ಕಡ್ಲೆಪುರಿಯೂ ಸಿಗುವುದಿಲ್ಲ. ಎತ್ತುಗಳನ್ನು ದೂರ ಕಟ್ಟಬೇಕು, ಸದ್ದಿಗೆ ಕಿತ್ತುಕೊಂಡು ಓಡುತ್ತವೆ. ಇಷ್ಟರವರೆಗೆ ಎಲ್ಲ ಸರಿಯೇ. ಆಮೇಲೆ ಬೆಂಗಳೂರಿನ ಒಬ್ಬ ಯಜಮಾನರ ರುಮಾಲು ವಿಮಾನದ ಗಾಳಿಗೆ ಹಾರಿ ಹೊಸಕೋಟೆಯಲ್ಲಿ ಬಿದ್ದದ್ದು, ವಿಮಾನದ ಸಾಹೇಬರು ಇಂಜಿನ್ನಿನ ವಿಷಯ ತನ್ನನ್ನೇ ಕರೆದು ಕೇಳಿದ್ದು, ಎಲ್ಲ ಬಂತು. ಚಲುವಮ್ಮನಿಗೆ ರೇಗಿಹೋಯಿತು. "ಮುಖ್ಯವಾದದ್ದು ಇನ್ನೂ ಇದೆ ಅಮ್ಮ, ಆ ಬಯಲಲ್ಲಿ ಬಿಳೀ..." ಎಂದು ಅವನು ಬೆರಳೆತ್ತುವಷ್ಟರಲ್ಲಿ, ನೋಡೋದಕ್ಕೂ ಇಸ್ಕೂಲಿಗೆ ಸೇರಬೇಕೇ ಎಂದು ಸೆರಗು ಕೊಡವಿ ಹೊರಟೇಬಿಟ್ಟಳು. ಕೆಂಪಸಿದ್ದಯ್ಯ ಮಾತ್ರ ನಿಂತು ಪೂರ್ತಿ ಕೇಳಿಕೊಂಡು ನಿಧಾನವಾಗಿ ಬಂದ. (ಮೊದಲ ಸಲ ಇಂಥ ಪ್ರದರ್ಶನಕ್ಕೆ ಹೋಗುವವರಿಗೆ ನನ್ನದೂ ಒಂದು ಸಲಹೆ: ಹೇಳುವವನು ಎಷ್ಟೇ ಬಡಾಯಿಗಾರನಾಗಲಿ, ಕೊನೆಯವರೆಗೂ ಕೇಳಿ ಹೋಗಿ.)

ಸೋಮವಾರ ಮೊದಲ ಕೋಳಿಗೇ ಗಾಡಿ ಹೊರಟಿತು. ಹೊತ್ತು ಮೂಡುವಾಗ ಬಯಲು ಸೇರಿದರು. ಒಂದು ನರಪಿಳ್ಳೆಯಿಲ್ಲ. ಬಯಲಿನ ಒಂದು ಅಂಚಿಗೆ ಉದ್ದಕ್ಕೂ ಹಗ್ಗ ಕಟ್ಟಿತ್ತು, ಅದರಾಚೆ ಅಮಲ್ದಾರರ ಡೇರೆ. ಕಾವಲಿಗಿದ್ದ ತಳವಾರ ಚೆಂಬು ಹಿಡಿದು ಕಾಲುವೆ ಕಡೆಗೆ ಹೋಗಿದ್ದ. ಬಯಲಿನ ನಟ್ಟನಡುವೆ ಮಾತ್ರ ಮಲ್ಲಿಗೆ ಹೂವಿನಂಥ ಬಿಳಿ ಬಟ್ಟೆ ಹಾಸಿತ್ತು. ಉದ್ದಕ್ಕೆ ಒಂದು ಪಟ್ಟಿ, ಅದರ ತಲೆಗೆ ಅಡ್ಡಲಾಗಿ ಇನ್ನೊಂದು ಪಟ್ಟಿ, ಗಾಳಿಗೆ ಹಾರದಂತೆ ಅಂಚಿಗೆಲ್ಲ ಕಲ್ಲು.

ಚಲುವಮ್ಮನಿಗೆ ಕಣ್ಣು ತುಂಬಿ ಬಂತು. ಅವರ ಕಡೆ ಮದುವೆಯಲ್ಲಿ ಬೀಗರು ಬಂದರೆ ಮಡಿವಾಳರು ಬಿಳಿ ಮಡಿಬಟ್ಟೆ ಹಾಸುತ್ತಾರೆ. ಅದರ ಮೇಲೆ ಕೂರಲು ಎಲ್ಲರಿಗೂ ಸಿಗುವುದಿಲ್ಲ, ಮೊದಲ ಮರ್ಯಾದೆಯವರಿಗೆ ಮಾತ್ರ. ಮೊದಲು ಬಂದವರಿಗೆ ಸರ್ಕಾರ ಹಾಸಿಟ್ಟಿದೆ ಎಂದು ಅವಳು ತಿಳಿದಳು. ಆದರೆ ಹಾಸಿದವನಿಗೆ ಬುದ್ಧಿಯಿಲ್ಲ, ನಡುಬಿಸಿಲಿಗೆ ಹಾಸಿದ್ದಾನೆ. ಬಯಲಿನ ಕೊನೆಯಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಬಟ್ಟೆಯನ್ನು ಅದರ ಬುಡಕ್ಕೆ ಎಳೆದುಕೊಂಡರೆ ನೆರಳಿಗೆ ನೆರಳೂ ಆಯಿತು, ಮರ್ಯಾದೆಗೆ ಮರ್ಯಾದೆಯೂ ಆಯಿತು.

"ಇಡೀರಿ ಆ ಕೊನೇನ," ಎಂದಳು ಗಂಡನಿಗೆ.

ಕೆಂಪಸಿದ್ದಯ್ಯ ತಲೆ ಕೆರೆದುಕೊಂಡ. "ಪಾಸಾ ಸಾಬ್ರು ಬಿಳೀ ಬಟ್ಟೆ ಇಚಾರ ಏನೋ ಯೋಳಿದ್ರು ಕಣಮ್ಮಿ. ಅದುನ್ನ..."

"ಅವ್ರು ಯೋಳಿದ್ದು ಅತ್ಲಾಗಿರ್ಲಿ. ಇಪ್ಪತ್ತೊರ್ಸ ನಿಮ್ ಮಾತು ಕೇಳಿ ಆನೆ ಬಾಲ ನೋಡಿದ್ದು ಸಾಕು. ಇಡೀರಿ ಅಂದ್ರೆ."

ಅವನು ಹಿಡಿದ. ಹಿಡಿಯದೆ ಏನು ಮಾಡಿಯಾನು? ಅನ್ಯಾಯವಾಗಿ ಹೇಳಬಾರದು, ಚಲುವಮ್ಮ ಬಟ್ಟೆಯನ್ನು ಮುದುರಿ ಹಾಕಲಿಲ್ಲ. ಉದ್ದದ್ದು ಉದ್ದಕ್ಕೆ, ಅಡ್ಡದ್ದು ಅಡ್ಡಕ್ಕೆ, ಇದ್ದ ಹಾಗೆಯೇ ಮರದ ಮಗ್ಗುಲಲ್ಲಿ ಹಾಸಿ, ಕಲ್ಲುಗಳನ್ನು ಕೂಡ ಹೊತ್ತು ತಂದಿಟ್ಟಳು. ನೆರಳು ಬಿದ್ದ ತುದಿಯಲ್ಲಿ ತಾನು ಕೂತು, ಗಾಡಿಯನ್ನು ಆಚೆ ಕಾಲುವೆ ಏರಿಯ ಮೇಲೆ ಬಿಡಲು ಗಂಡನನ್ನು ಅಟ್ಟಿದಳು.

ಕಾಲುವೆಯಿಂದ ಬಂದ ತಳವಾರನಿಗೆ ಬಟ್ಟೆ ಜಾಗ ಬದಲಿಸಿದ್ದು ಕಂಡಿತು, ಅದರ ಮೇಲೆ ಒಬ್ಬ ಹೆಂಗಸು ಜಬರದಸ್ತಾಗಿ ಕೂತಿದ್ದೂ ಕಂಡಿತು. ಅಷ್ಟು ಧೈರ್ಯವಾಗಿ ಕೂತವರು ದೊಡ್ಡವರ ಕಡೆಯವರೇ ಇರಬೇಕೆಂದು ಅವನು ದೂರದಿಂದಲೇ ಕೈಮುಗಿದ. ಆಮೇಲೆ ಬಂದ ದಫೇದಾರ, ಅಮಲ್ದಾರರ ಮನೆಯವರೇನೋ ಎಂದುಕೊಂಡು ಸಲಾಮು ಹೊಡೆದ. ಅಮಲ್ದಾರರು ಬಂದು, ದಫೇದಾರನೇ ಸಲಾಮು ಹೊಡೆಯುತ್ತಿದ್ದಾನಲ್ಲ, ತನಗಿಂತ ಮೇಲಿನವರ ಸಂಸಾರ ಇರಬೇಕು ಎಂದು ಡೇರೆಯೊಳಗೆ ಹೋಗಿ ರುಮಾಲು ಸರಿಮಾಡಿಕೊಂಡರು. ಹೀಗೆ ಸರ್ಕಾರದ ಮೂರು ಮೆಟ್ಟಿಲೂ ಚಲುವಮ್ಮನಿಗೆ ಮರ್ಯಾದೆ ಕೊಟ್ಟವು. ಅವಳು ಬುತ್ತಿ ಬಿಚ್ಚಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದಳು.

ಹೊತ್ತೇರುವಷ್ಟರಲ್ಲಿ ಹಗ್ಗದಾಚೆ ಜನವೋ ಜನ. ಸಾಲಿನ ಮುಂದೆಯೇ ಕೆಂಪು ಸೀರೆಯುಟ್ಟು ನಿಂತಿದ್ದ ಮಂಗಳಮ್ಮ ಅಷ್ಟು ದೂರದಿಂದ ಅಕ್ಕನನ್ನು ಗುರುತು ಹಿಡಿದು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಚಲುವಮ್ಮನ ಇಪ್ಪತ್ತು ವರ್ಷದ ಸಿಟ್ಟು ಆ ಒಂದು ಗಳಿಗೆ ತಣ್ಣಗಾಯಿತು.

ಆಗ ವಿಮಾನ ಬಂತು. ಮೊದಲು ದುಂಬಿಯ ಹಾಗೆ ಸದ್ದು, ಆಮೇಲೆ ಗಿರಣಿಯ ಹಾಗೆ. ಬಯಲನ್ನು ಒಂದು ಸುತ್ತು ಹಾಕಿ ಮೂತಿಯನ್ನು ನೇರವಾಗಿ ಹುಣಸೆಮರದ ಕಡೆ ತಿರುಗಿಸಿತು. ಎಷ್ಟಾದರೂ ಮೊದಲ ಮರ್ಯಾದೆಯವರಲ್ಲವೇ, ಮೊದಲು ತನಗೇ ತೋರಿಸಲು ಬರುತ್ತಿದೆ ಎಂದು ಚಲುವಮ್ಮ ಸೆರಗು ಬೀಸಿದಳು. ವಿಮಾನ ಕೆಳಗಿಳಿಯಿತು. ಇನ್ನೂ ಇಳಿಯಿತು. ಹಗ್ಗದಾಚೆ ಜನ ಕೂಗಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚಿಗೆ ಕೂಗಲಿ ಎಂದುಕೊಂಡಳು. ವಿಮಾನ ಬೆಳೆಯಿತು, ಗಾಡಿಯಷ್ಟಾಯಿತು, ಮನೆಯಷ್ಟಾಯಿತು. ಆಮೇಲೆ ಅದು ಎಷ್ಟಾಯಿತೆಂದು ಅವಳಿಗೆ ತಿಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳು ಬಿಳಿ ಬಟ್ಟೆಯನ್ನು ತಲೆ ತುಂಬ ಹೊದ್ದು ಬೋರಲಾಗಿ ಮಲಗಿ, ಮನೆದೇವರನ್ನೂ ನಯಾಜ್ ಪಾಷಾನನ್ನೂ ಒಟ್ಟಿಗೇ ಕರೆಯುತ್ತಿದ್ದಳು. ಭಾರಿ ಸದ್ದು, ಗಾಳಿ, ಬೆನ್ನ ಮೇಲೆ ದಬದಬನೆ ಹುಣಸೆಕಾಯಿ. ವಿಮಾನ ಮರದ ತುದಿಯನ್ನು ಸವರಿದಂತೆ ಮೇಲೆದ್ದು ಹೋಗಿತ್ತು. ಏರಿಯ ಮೇಲಿನ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು, ಕೆಂಪಸಿದ್ದಯ್ಯ ಅವುಗಳ ಹಿಂದೆ ಓಡಿದ. ಅವನು ಓಡಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ, ಅವತ್ತು ಕಂಡರು.

ಚಲುವಮ್ಮ ಬಟ್ಟೆ ಸರಿಸಿ ನೋಡಿದರೆ ಎದುರಿಗೆ ಅಮಲ್ದಾರರು, ದಫೇದಾರ, ಹಿಂದೆ ನಾಲ್ಕು ಪೊಲೀಸಿನವರು. ಏಳಮ್ಮ ಎಂದರು. ಅವಳು ಏಳಲಿಲ್ಲ. ಮೊದಲು ಬಂದವರು ನಾವು, ಯಾಕೆ ಏಳಬೇಕು ಎಂದು ತಿರುಗಿಬಿದ್ದಳು. ಅಮಲ್ದಾರರ ಕೋಪ ನೆತ್ತಿಗೇರಿತು. ಆ ಬಟ್ಟೆ ವಿಮಾನ ಎಲ್ಲಿ ಇಳಿಯಬೇಕೆಂದು ಮೇಲಿರುವವನಿಗೆ ತೋರಿಸುವ ಗುರುತು, ಅದನ್ನು ತಂದು ಮರದ ಬುಡಕ್ಕೆ ಹಾಕಿದ್ದೀಯಲ್ಲ, ಒಂದು ಜೀವ ಹೋಗುತ್ತಿತ್ತಲ್ಲ ಎಂದು ಗದರಿದರು.

"ಆಸಿರೋದು ಕೂತ್ಕಳಕ್ಕಲ್ದೆ ಇನ್ಯಾತುಕ್ಕೆ ಬುದ್ಧಿ?" ಎಂದಳು ಚಲುವಮ್ಮ.

"ಯಾವೂರು ನಿನ್ನದು?"

"ಸಿವಪುರದ ಮಗ್ಗುಲು."

ಅಮಲ್ದಾರರ ಮುಖ ಬದಲಾಯಿತು. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ಮೇಲೆ ಆ ಊರಿನ ಹೆಸರು ಕೇಳಿದರೆ ಸಾಕು, ಅಧಿಕಾರಿಗಳಿಗೆ ಚೇಳು ಕುಟುಕಿದ ಹಾಗಾಗುತ್ತಿತ್ತು. ಯುದ್ಧಕಾಲ, ವಿಮಾನ ನಡೆಸುವ ಬಿಳಿಯ ಸಾಹೇಬ, ಶಿವಪುರದ ಹೆಂಗಸು, ಜಾಗ ಬದಲಾದ ಗುರುತು. ದೊಡ್ಡ ಪಿತೂರಿಯೊಂದು ಅವರ ಕಣ್ಣ ಮುಂದೆ ಬಿಚ್ಚಿಕೊಂಡಿತು. ಅವಳನ್ನು ಡೇರೆಯೊಳಕ್ಕೆ ಕರೆಸಿ, ದನಿ ತಗ್ಗಿಸಿ ಕೇಳಿದರು:

"ನಿಜ ಹೇಳು. ನಿನ್ನನ್ನ ಕಳಿಸಿದ್ದು ಯಾರು?"

ಚಲುವಮ್ಮನಿಗೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ. "ಇನ್ಯಾರು, ನಮ್ ವಾರಗಿತ್ತಿ ಮಂಗಳಿ. ಅವಳ ದೆಸೆಯಿಂದ್ಲೇ ಬುದ್ಧಿ ನಂಗಿವತ್ತು ಈ ಗತಿ ಬಂದಿದ್ದು. ಅಗೋ, ಅಗ್ಗದ ತಾವ ಕೆಂಪು ಸೀರೆ ಉಟ್ಕಂಡು ನಿಂತವ್ಳಲ್ಲ, ಅವಳೇಯ."

ಮುಂದಿನ ಸಾಲಿನಲ್ಲಿ ಆರಾಮಾಗಿ ನಿಂತಿದ್ದ ಮಂಗಳಮ್ಮನನ್ನು ಪೊಲೀಸಿನವರು ಕರೆತಂದರು. ಇಬ್ಬರನ್ನೂ ಡೇರೆಯೊಳಗೆ ಕೂರಿಸಿ, ಪ್ರದರ್ಶನ ಮುಗಿದ ಮೇಲೆ ವಿಚಾರಣೆ, ಅಲ್ಲಿಯವರೆಗೆ ಹೊರಗೆ ಬಿಡಕೂಡದು ಎಂದು ಹೇಳಿ ಅಮಲ್ದಾರರು ವಿಮಾನ ನೋಡಲು ಹೋದರು. ದಫೇದಾರ ಡೇರೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸರ್ಕಾರದ ಅನ್ನ ತಿಂದ ಬೆನ್ನು, ಬಾಗಿಲಿನಷ್ಟೇ ಅಗಲವಿತ್ತು.

ಹೊರಗೆ ಬಟ್ಟೆ ಮತ್ತೆ ನಡುಬಯಲಿಗೆ ಹೋಯಿತು. ಪ್ರದರ್ಶನ ಶುರುವಾಯಿತು. ಮೇಲಿಂದ ಸದ್ದು ಬಂದಾಗಲೆಲ್ಲ ಇಬ್ಬರೂ ಡೇರೆಯ ಸೂರು ನೋಡಿದರು. ಜನ "ಓ" ಎಂದರೆ ಇವರೂ ಕುತ್ತಿಗೆ ಚಾಚಿದರು. ಒಂದಿಷ್ಟು ಪಕ್ಕಕ್ಕೆ ಸರಿದುಕೊಳ್ಳಪ್ಪ ಎಂದು ಚಲುವಮ್ಮ ದಫೇದಾರನನ್ನು ಮೊದಲು ಗದರಿದಳು, ಆಮೇಲೆ ಬೇಡಿಕೊಂಡಳು. ತನಗೆ ಆರ್ಡರಿಲ್ಲ ಎಂದ ಅವನು, ಆಕಾಶದಿಂದ ಕಣ್ಣು ಕೀಳದೆ. ಡೇರೆಯಲ್ಲಿ ಒಂದು ತೂತು ಹುಡುಕಿ ಕಣ್ಣಿಟ್ಟಳು. ಅಂಗೈಯಗಲ ಆಕಾಶ ಕಂಡಿತು, ವಿಮಾನ ಅತ್ತ ಹಾಯಲೇ ಇಲ್ಲ. ಚಲುವಮ್ಮನಿಗೆ ಅಳು ಬಂತು. ಜೈಲಿನ ಭಯಕ್ಕಲ್ಲ. ಒಂದು ಸಲ, ಒಂದೇ ಒಂದು ಸಲ ಎಲ್ಲರ ಹಾಗೆ ನೋಡೋಣವೆಂದರೆ ಹೀಗಾಯಿತಲ್ಲ ಎಂಬ ಸಂಕಟಕ್ಕೆ ಬಂದ ಅಳು ಅದು. ಮಗ್ಗುಲಲ್ಲಿ ಮಂಗಳಮ್ಮ ಬೇರೆ ಒಂದೇ ಸಮನೆ ಮೂಗು ಸೀಟುತ್ತ, ನಾನೇನು ಮಾಡಿದ್ದೆ ಎಂದು ಕೇಳುತ್ತಿದ್ದಳು.

ಮಧ್ಯಾಹ್ನ ಇಳಿದ ಮೇಲೆ ಮೈದುನನೂ ಊರ ಪಟೇಲರೂ ಓಡಿಬಂದು, ಇವಳಿಗೆ ಕಾಂಗ್ರೆಸ್ಸೂ ಗೊತ್ತಿಲ್ಲ, ಸರ್ಕಾರದ ಮೇಲೆ ದ್ವೇಷವೂ ಇಲ್ಲ, ಇರುವ ದ್ವೇಷವೆಲ್ಲ ಮನೆಯೊಳಗಿನದೇ ಎಂದು ಪ್ರಮಾಣ ಮಾಡಿ ಹೇಳಿದ ಮೇಲೆ ಬಿಟ್ಟರು. ಹೊರಗೆ ಬಂದಾಗ ಬಯಲಿನಲ್ಲಿ ಉಳಿದಿದ್ದದ್ದು ಕಡಲೆಕಾಯಿ ಸಿಪ್ಪೆ. ವಿಮಾನ ಬೆಂಗಳೂರಿನ ಕಡೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ಅಕ್ಕನನ್ನು ಇಂಥ ಸ್ಥಿತಿಯಲ್ಲಿ ಬಿಡಬಾರದೆಂದು ಮಂಗಳಮ್ಮನೂ ಗಾಡಿ ಹತ್ತಿದಳು. (ಅಥವಾ ದಾರಿಯುದ್ದಕ್ಕೂ ಜಗಳವಾಡಲು. ಅದನ್ನೇ ಮಾಡಿದಳು.) ಹಂಚಿಕೊಳ್ಳಬೇಕಾದ ಬೈಗುಳವೆಲ್ಲ ಮುಗಿಯಿತು. ಚಲುವಮ್ಮ ತಡೆದಳು, ತಡೆದಳು, ಕೊನೆಗೆ ತಡೆಯಲಾರದೆ ಗಂಡನ ಬೆನ್ನ ಕಡೆ ತಿರುಗಿದಳು. ಎತ್ತುಗಳನ್ನು ಹಿಡಿದುಕೊಂಡು ಅವನು ಹೊತ್ತು ಇಳಿಯುವವರೆಗೂ ಏರಿಯ ಮೇಲೆಯೇ ನಿಂತಿದ್ದ. ಅಲ್ಲಿಂದ ಇಡೀ ಆಕಾಶ ಕಾಣುತ್ತಿತ್ತು.

"ನೀವು ನೋಡುದ್ರಾ?"

"ಊಂ. ಎಲ್ಲಾನೂ ನೋಡ್ದೆ," ಎಂದ ಕೆಂಪಸಿದ್ದಯ್ಯ.

ಇಬ್ಬರು ಹೆಂಗಸರೂ ಅವನು ಕೂತಿದ್ದ ಮೂಕಿಯ ಹತ್ತಿರಕ್ಕೆ ಸರಿದು ಕೂತರು. "ಎಂಗಿತ್ತು ಬಾವ?" ಎಂದಳು ಮಂಗಳಮ್ಮ. ಅವನು ಯೋಚಿಸಿದ. ಒಂದು ಕಬ್ಬಿನ ಗದ್ದೆ ದಾಟಿತು, ಇನ್ನೊಂದು ಕಬ್ಬಿನ ಗದ್ದೆ ದಾಟಿತು.

"ಮೇಲಕ್ಕೋಯ್ತು," ಎಂದ ಕೆಂಪಸಿದ್ದಯ್ಯ. ಎತ್ತಿನ ಬಾಲ ಮುಟ್ಟಿ ಚ್ಚ ಚ್ಚ ಅಂದ. "ಕೆಳಕ್ಕೆ ಬಂತು."

ಅಷ್ಟೇ. ಆಮೇಲೆ ಅವನ ಬಾಯಿಂದ ಊರು ಸೇರುವವರೆಗೂ ಒಂದು ಮಾತು ಹೊರಡಲಿಲ್ಲ, ವಾರಗಿತ್ತಿಯರಿಬ್ಬರೂ ಒಟ್ಟಾಗಿ ಅವನ ಏಳು ತಲೆಮಾರನ್ನು ಜಾಲಾಡಿದರೂ ಹೊರಡಲಿಲ್ಲ.

ಬೆಳಗಾದರೆ ಬೀದಿಯ ಹೆಂಗಸರೆಲ್ಲ ಚಲುವಮ್ಮನ ಜಗಲಿಗೆ ಬಂದು ಕೂತಿದ್ದರು. ಮಂಗಳಮ್ಮ ತಲೆನೋವೆಂದು ಒಳಗೆ ಮುಸುಕು ಹಾಕಿ ಮಲಗಿಬಿಟ್ಟಿದ್ದಳು. ನೀನೇ ಎಲ್ಲರಿಗಿಂತ ಹತ್ತಿರ ಕೂತಿದ್ದೆಯಂತೆ, ವಿಮಾನ ಹೇಗಿತ್ತು, ಏನೇನು ಮಾಡಿತು ಹೇಳು ಎಂದರು. ಚಲುವಮ್ಮ ಒಂದು ಸಲ ಕೊಟ್ಟಿಗೆಯಲ್ಲಿ ಎತ್ತಿನ ಮೈ ಉಜ್ಜುತ್ತಿದ್ದ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಮೇಲೆ ಹಲ್ಲು ಕಚ್ಚಿಕೊಂಡು ಹೇಳಿದಳು:

"ಮೇಲಕ್ಕೋಯ್ತು. ಕೆಳಕ್ಕೆ ಬಂತು."