ಫಿನ್‌ಲ್ಯಾಂಡ್ ಪಕ್ಷದ ಇಳಕಲ್ ಶಾಖೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ತಮಾಷೆಗೆ ಎಂದೂ ಬರಗಾಲವಿಲ್ಲ. ನನ್ನ ಸೀರೆ ಅಂಗಡಿಯ ಎದುರು ಮನೆಯ ಮಾಸ್ತರರು ರಿಟೈರ್ ಆದ ಮೇಲಂತೂ ಅದಕ್ಕೆ ಬಿಡುವೇ ಇಲ್ಲ.

ಚಹಾದಂಗಡಿಯ ಪಾಠ

ಮಾಸ್ತರರು ಸಾಲಿಯಲ್ಲಿ ಪೌರನೀತಿ ಕಲಿಸಿದವರು. ಒಂದು ದಿನ ಮೊಬೈಲಿನಲ್ಲಿ ಏನೋ ಓದಿ, ಚಹಾದಂಗಡಿಗೆ ದಡಬಡಿಸಿ ಬಂದರು.

“ಫಿನ್‌ಲ್ಯಾಂಡ್ ದೇಶದಾಗ ನೇರ ಪ್ರಜಾಪ್ರಭುತ್ವದ್ದು ಒಂದು ಸಣ್ಣ ಪಕ್ಷ ಐತಿ. ಆರಿಸಿ ಬಂದವರು ತಮ್ಮ ಮನಸಿಗೆ ಬಂದಂಗ ಕೈ ಎತ್ತಂಗಿಲ್ಲ. ಪ್ರತಿ ವಿಷಯಕ್ಕೂ ಜನರನ್ನ ಕೇಳಿನ ಓಟು ಹಾಕಬೇಕು.”

ಚಹಾ ಸೋಸುತ್ತಿದ್ದವ ಕೇಳಿದ: “ಆರಿಸಿ ಬಂದ ಮ್ಯಾಲೂ ಜನರನ್ನ ಕೇಳ್ತಾರೇನ್ರಿ?”

“ಹೌದಪಾ, ಪ್ರತಿ ಸಲ.”

“ಪಾಪ, ರಾಜಕೀಯಕ್ಕ ಹೊಸಬರಿರಬೇಕು.”

ಹಂಪ್

ಅಂದಿನಿಂದ ಮಾಸ್ತರರ ಅಧ್ಯಕ್ಷತೆಯಲ್ಲಿ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲದಕ್ಕೂ ಮತದಾನ. ಬೈಕಿನವರ ಹಾವಳಿಗೆ ರಸ್ತೆಗೊಂದು ಹಂಪ್ ಬೇಕೇ ಎಂದರೆ ಎಲ್ಲರೂ ಹೂಂ ಅಂದರು. ಯಾರ ಮನೆ ಮುಂದೆ ಎಂದರೆ ಒಬ್ಬೊಬ್ಬರೂ ಪಕ್ಕದವರ ಮನೆ ತೋರಿಸಿದರು. ಜಗಳ ಹತ್ತಿತು. “ಮತ್ತೊಮ್ಮೆ ಹಾಕ್ರಿ. ನಾ ಅಧ್ಯಕ್ಷ, ನಾ ಹಾಕಂಗಿಲ್ಲ” ಎಂದರು ಮಾಸ್ತರರು. ಈ ಸಲ ಎಲ್ಲ ಮತಗಳೂ ಒಂದೇ ಮನೆಗೆ ಬಿದ್ದವು. ಅದು ಮಾಸ್ತರರ ಮನೆ.

ಈಗ ಪ್ರತಿ ಟಂಟಂ ಆಟೋ ಅವರ ಬಾಗಿಲಲ್ಲೇ ಬ್ರೇಕ್ ಹಾಕಿ ಹಾರ್ನ್ ಹೊಡೆಯುತ್ತದೆ. ನಿದ್ದೆಗೆಟ್ಟ ಕಣ್ಣು ಉಜ್ಜುತ್ತ ಮಾಸ್ತರರು ನನಗೆ ಹೇಳಿದರು: “ಜನರ ದನಿ ಕೇಳಬೇಕು ಅಂತಿದ್ದೆ. ಈಗ ಅದನ್ನ ಕೇಳಾಕತ್ತೇನಿ.”

ಚೀಟಿ

ನಗರಸಭೆ ಚುನಾವಣೆ ಬಂತು. ನಿಲ್ಲಬೇಕೆಂದು ಮಾಸ್ತರರಿಗೆ ಭಾಳ ಆಸೆ. ಬಿಳಿ ಜುಬ್ಬಾನೂ ಹೊಲಿಸಿಬಿಟ್ಟಿದ್ದರು. ಆದರೂ ತತ್ವ ತತ್ವವೇ. ನಿಲ್ಲಲೋ ಬ್ಯಾಡೋ ಎಂದು ಮನೆ ಮನೆಗೆ ಹೋಗಿ ಕೇಳಿದರು. ಮಗ್ಗದ ಮುಂದೆ ಕುಂತಿದ್ದ ಅಜ್ಜಿ, “ಎಲ್ಲಾ ನಾವ ಹೇಳೂದಾದ್ರ ನೀವ್ಯಾಕ ಹೋಗಬೇಕ್ರಿ?” ಎಂದಳು.

ಕಡೆಗೆ ನನ್ನ ಅಂಗಡಿಯಲ್ಲೇ ಎಲ್ಲರೂ ಚೀಟಿ ಬರೆದು ಡಬ್ಬಿಗೆ ಹಾಕಿದರು. ಬಿಚ್ಚಿದರೆ ಬರೀ ‘ಬ್ಯಾಡ’. ‘ನಿಲ್ಲಲಿ’ ಎಂದಿದ್ದು ಒಂದೇ ಒಂದು. ಮಾಸ್ತರರ ಮುಖ ಸಣ್ಣದಾಯಿತು. ನನಗೂ ಕೆಡುಕೆನಿಸಿತು.

“ಹೋಗ್ಲಿ ಬಿಡ್ರಿ ಸರ, ನಿಮ್ಮ ಓಟಾದ್ರೂ ನಿಮಗ ಬಿತ್ತಲ್ಲ” ಎಂದೆ.

“ಅದು ನಂದಲ್ಲ” ಎಂದರು. “ಮನಿ ಮನಿಗೆ ಹೋಗಿ ಕೇಳಿದಾಗನ ಜನ ಬ್ಯಾಡ ಅಂತಾರ ಅಂತ ಗೊತ್ತಾಗಿತ್ತು. ಜನರ ವಿರುದ್ಧ ನಾ ಹೆಂಗ ಹಾಕ್ಲಿ? ನಾನೂ ‘ಬ್ಯಾಡ’ ಅಂತನ ಬರದೇನಿ.”

ಹಾಗಾದರೆ ಆ ಒಂದು ಯಾರದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ ಮಾಸ್ತರರ ಹೆಂಡತಿ ಸೆರಗು ಸರಿಮಾಡಿಕೊಂಡರು.

“ನಂದ್ರಿ. ಗೆದ್ರ ಹಗಲೊತ್ತಾದ್ರೂ ಮನಿ ಬಿಟ್ಟು ಮುನ್ಸಿಪಾಲ್ಟಿಯಾಗ ಇರ್ತಾರ ಅಂತ ಹಾಕಿದ್ದೆ.”