ಅಕ್ಕನ ಮಗಳು ಹೇಳಿದ್ದ ಸಿನಿಮಾ

ನಗಬಾರದ ಕಡೆಯೇ ನಗು ಬರುವಂಥದ್ದು ನಮ್ಮ ಮನೆತನದಲ್ಲಿ ನಡೆಯುತ್ತಲೇ ಇರುತ್ತದೆ. ಮೊನ್ನೆ ಮುದ್ದೇಬಿಹಾಳದ ಅಕ್ಕನ ಮನೆಯಲ್ಲೂ ಹಾಗೇ ಆಯಿತು.

೧. ಊದಿನಕಡ್ಡಿ

ಅಕ್ಕನ ಒಬ್ಬಳೇ ಮಗಳು ಹತ್ತನೇ ತರಗತಿಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. "ಮಾಮಾ, ಪಾತಾಳಕ್ಕ ಹೋಗೋ ಹುಡುಗಿದು ಒಂದ ಸಿನಿಮಾ ಐತಿ. ಎಷ್ಟ ಬಹುಮಾನ ಬಂದಾವ ಗೊತ್ತೇನು? ಕೂಡಿ ನೋಡೋಣು" ಎಂದು ನಾನು ಅವರ ಮನೆಗೆ ಹೋದಾಗಲೆಲ್ಲ ಗಂಟುಬೀಳುತ್ತಿದ್ದಳು. ಸಿಂದಗಿಯಲ್ಲಿ ಮಾಸ್ತರನಾಗಿರುವ ನಾನು, "ಸೂಟಿ ಬರ್ಲಿ ತಡಿ" ಎನ್ನುತ್ತಿದ್ದೆ. ಸೂಟಿ ಬಂತು. ಅವಳಿರಲಿಲ್ಲ.

ಅವಳು ಹೋದಾಗಿನಿಂದ ಅಕ್ಕ ಅತ್ತಿರಲಿಲ್ಲ, ನೆಟ್ಟಗೆ ಮಾತಾಡಿರಲೂ ಇಲ್ಲ. ಮೊನ್ನೆ ಫೋನ್ ಮಾಡಿ, "ಆ ಸಿನಿಮಾ ತಗೊಂಡ ಬಾ" ಎಂದಳು. ಅಷ್ಟೇ.

ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸುವಾಗ ಅಕ್ಕನ ಗಂಡ ಕೇಳಿದರು, "ದೇವರ ಪಿಚ್ಚರೇನು?"

"ಅಲ್ರಿ, ಯಮಲೋಕದ್ದು."

ಅವರು ಎದ್ದುಹೋಗಿ ಎರಡು ಊದಿನಕಡ್ಡಿ ಹಚ್ಚಿ ತಂದು ಟಿವಿ ಮುಂದೆ ಇಟ್ಟರು. "ಇರ್ಲಿ ತಗೊ. ನಮ್ಮ ಕೂಸು ಈಗ ಅವನ ಕಡೇನ ಐತಿ."

೨. ಕೋಡು

ಕತ್ತಲೆಯ ಗುಹೆಯಿಂದ ಪಾತಾಳದ ರಾಜ ಬಂದ. ಬಾಯಿಲ್ಲದ ಮುಖ, ಮಾರುದ್ದ ಕೋಡು. ನಾನೇ ಕುರ್ಚಿ ಹಿಂದಕ್ಕೆ ಸರಿಸಿದೆ. ಅಕ್ಕನ ಅತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಇಷ್ಟ ದೊಡ್ಡ ಕೋಡ ಇಟಗೊಂಡ ಬಾಗಲದಾಗ ಹ್ಯಾಂಗ ಹಾಯ್ತಾನ?" ಎಂದರು.

ಅಷ್ಟರಲ್ಲಿ ರಾಜ ತಲೆ ಓರೆ ಮಾಡಿ ಬಾಗಿಲು ದಾಟಿದ.

"ರೂಢಿ ಐತಿ" ಎಂದು ಮುದುಕಿ ಸಮಾಧಾನಪಟ್ಟರು.

೩. ಚಪ್ಪಲಿ

ಸಿನಿಮಾದ ಹುಡುಗಿ ಕಳೆದುಹೋದ ತಮ್ಮನನ್ನು ಹುಡುಕುತ್ತ, ಹಿಮದ ಮೇಲೆ ಬರಿಗಾಲಲ್ಲಿ ಪಾತಾಳದ ಮೆಟ್ಟಿಲ ಕಡೆ ನಡೆದಳು. ಒಂದೂವರೆ ತಾಸು ಕಲ್ಲಿನಂತೆ ಕೂತಿದ್ದ ಅಕ್ಕ ಥಟ್ಟನೆ ಎದ್ದು ಕೂಗಿದಳು:

"ಏ ಹುಡುಗಿ! ಕಾಲಾಗ ಚಪ್ಪಲ ಇಲ್ಲ, ಎಲ್ಲಿಗಿ ಹೊಂಟಿ? ತಿರುಗಿ ಬಾ!"

ಅದೇ ಕ್ಷಣಕ್ಕೆ ಹುಡುಗಿ ನಿಂತು, ತಿರುಗಿ ನಮ್ಮತ್ತ ನೋಡಿದಳು.

"ನಿನ್ನ ದನಿ ಕೇಳ್ತ ನೋಡವಾ ಆಕಿಗಿ" ಎಂದರು ಅತ್ತೆ.

ಮೊದಲು ನಕ್ಕವಳು ಅಕ್ಕನೇ. ನಾವೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಮಗಳ ಹೆಸರು ಹಿಡಿದು ಕರೆದು ಕರೆದು ಅತ್ತಳು. ಗಂಡ ಗಾಬರಿಯಿಂದ ಟಿವಿ ಆರಿಸಲು ಹೋದರು.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಗದರಿದಳು:

"ಬಂದ್ ಮಾಡಬ್ಯಾಡ್ರಿ! ಆ ಹುಡುಗಿ ಇನ್ನೂ ಮನಿ ಮುಟ್ಟಿಲ್ಲ."